ಸೈಪ್ರಸ್: ಮನೆ ಇಬ್ಬರದು, ಬೀಗದ ಕೈ ಮೂವರ ಹತ್ತಿರ

ಕೇಳೋಕೆ ಆಗದೆ ಓದ್ತಿರೋರಿಗೆ ಎಂದಿನಂತೆ ಸಂಚಿಕೆಯ ಬರಹ ರೂಪ ಇಲ್ಲಿದೆ.

ಹೋದ ತಿಂಗಳು ಮಡಿಕೇರಿಗೆ ಹೋಗಿದ್ದೆ. ಮಳೆ ಬಿಡಲೇ ಇಲ್ಲ. ರಾಜಾಸೀಟಿನಲ್ಲಿ ಮಂಜು ಬಿಟ್ಟು ಏನೂ ಕಾಣಲಿಲ್ಲ ಅಂತ ಸನ್ನಿಸೈಡ್‌ಗೆ ಹೋದೆ. ಜನರಲ್ ತಿಮ್ಮಯ್ಯ ಅವರ ಬಾಲ್ಯದ ಮನೆ ಅದು. 2021ರಿಂದ ವಸ್ತುಸಂಗ್ರಹಾಲಯ ಆಗಿದೆ. ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದ ತಿಮ್ಮಯ್ಯ ತೀರಿಕೊಂಡಿದ್ದು ಕೊಡಗಿನಲ್ಲಲ್ಲ, ದೆಹಲಿಯಲ್ಲೂ ಅಲ್ಲ. 1965ರ ಡಿಸೆಂಬರ್ 18ರಂದು, ಸೈಪ್ರಸ್‌ನಲ್ಲಿ. ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬ ಅವರ ಅಪ್ಪನನ್ನ ಕೇಳಿದ: 'ಅಷ್ಟು ದೂರ ನಮ್ಮೋರಿಗೆ ಏನು ಕೆಲಸ ಇತ್ತು ಅಪ್ಪಾ?' ಅಪ್ಪ, 'ಶಾಂತಿ ಪಡೆ ಕಣೋ' ಅಂದು ಮುಂದೆ ಹೋದರು.

ಉತ್ತರ ತಪ್ಪಲ್ಲ. ಆದರೆ ಆ ಶಾಂತಿ ಪಡೆ ಅಲ್ಲಿಗೆ ಹೋಗಿದ್ದು 1964ರಲ್ಲಿ, ಮೂರು ತಿಂಗಳ ಮಟ್ಟಿಗೆ ಅಂತ. ಇವತ್ತಿಗೂ ಅಲ್ಲೇ ಇದೆ. ಯಾಕೆ ಅನ್ನೋದೇ ಇವತ್ತಿನ ಸಂಚಿಕೆ.

ಮೊದಲು ನಕ್ಷೆ ತೆಗೀರಿ, ಫೋನ್ ಕೈಲೇ ಇದೆಯಲ್ಲ. ಮೆಡಿಟರೇನಿಯನ್ ಸಮುದ್ರದ ಪೂರ್ವದ ಮೂಲೆ. ಸೈಪ್ರಸ್‌ನ ವಿಸ್ತೀರ್ಣ 9,251 ಚದರ ಕಿಲೋಮೀಟರ್. ಅಂದ್ರೆ ಎರಡು ಕೊಡಗು ಜಿಲ್ಲೆ ಸೇರಿಸಿ ಇನ್ನೊಂದು ಚೂರು. ಉತ್ತರಕ್ಕೆ ಸುಮಾರು 70 ಕಿಲೋಮೀಟರ್ ದೂರದಲ್ಲಿ ಟರ್ಕಿ. ಪೂರ್ವಕ್ಕೆ ಸಿರಿಯಾ, ಲೆಬನಾನ್. ಗ್ರೀಸ್ ಎಲ್ಲೋ ಪಶ್ಚಿಮದಲ್ಲಿ, ತುಂಬಾ ದೂರ. ಆದರೆ ದ್ವೀಪದ ಜನರಲ್ಲಿ ಐದರಲ್ಲಿ ನಾಲ್ಕು ಪಾಲು ಗ್ರೀಕ್ ಮಾತಾಡೋ ಆರ್ಥೊಡಾಕ್ಸ್ ಕ್ರೈಸ್ತರು. ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಟರ್ಕಿಶ್ ಮಾತಾಡೋ ಮುಸ್ಲಿಮರು. ಹತ್ತಿರ ಇರೋ ದೇಶದವರ ಬಂಧುಗಳು ಕಡಿಮೆ, ದೂರ ಇರೋ ದೇಶದವರ ಬಂಧುಗಳು ಜಾಸ್ತಿ. ಅರ್ಧ ತಕರಾರು ಈ ಒಂದು ವಾಕ್ಯದಲ್ಲೇ ಇದೆ.

1571ರಿಂದ ಆಟೊಮನ್ ಆಳ್ವಿಕೆ. 1878ರಲ್ಲಿ ಆಡಳಿತ ಬ್ರಿಟಿಷರ ಕೈಗೆ ಬಂತು, 1925ಕ್ಕೆ ಅಧಿಕೃತ ವಸಾಹತು. 1955ರಲ್ಲಿ ಗ್ರೀಕ್ ಸೈಪ್ರಿಯಟ್ಟರ ಗುಂಪೊಂದು ಬಂದೂಕು ಹಿಡಿಯಿತು. ಅವರಿಗೆ ಬೇಕಾಗಿದ್ದು ಬರೀ ಸ್ವಾತಂತ್ರ್ಯ ಅಲ್ಲ, 'ಎನೋಸಿಸ್', ಅಂದ್ರೆ ಗ್ರೀಸ್ ಜೊತೆ ವಿಲೀನ. ಅದಕ್ಕೆ ಪ್ರತಿಯಾಗಿ ಟರ್ಕಿಶ್ ಸೈಪ್ರಿಯಟ್ಟರಲ್ಲಿ 'ತಕ್ಸಿಮ್' ಕೂಗು ಎದ್ದಿತು. ತಕ್ಸಿಮ್ ಅಂದ್ರೆ ಪಾಲು, ವಿಭಜನೆ. ಗಮನಿಸಿ, ಎರಡೂ ಕಡೆಯ ಘೋಷಣೆಯಲ್ಲಿ 'ಸೈಪ್ರಸ್' ಅನ್ನೋ ಸ್ವತಂತ್ರ ದೇಶಕ್ಕೆ ಜಾಗವೇ ಇರಲಿಲ್ಲ.

ಇಂಥಾ ಪರಿಸ್ಥಿತಿಯಲ್ಲಿ 1960ರ ಆಗಸ್ಟ್ 16ಕ್ಕೆ ದೇಶ ಹುಟ್ಟಿತು. ಹುಟ್ಟಿದ ರೀತಿ ವಿಚಿತ್ರ. ಮೂಲ ಚೌಕಟ್ಟು ತಯಾರಾಗಿದ್ದು ಜ್ಯೂರಿಕ್‌ನಲ್ಲಿ, ಗ್ರೀಸ್ ಮತ್ತು ಟರ್ಕಿಯ ಪ್ರಧಾನಿಗಳ ನಡುವೆ. ಆಮೇಲೆ ಲಂಡನ್‌ನಲ್ಲಿ ಸೈಪ್ರಸ್‌ನ ನಾಯಕರನ್ನ ಕರೆದು ಸಹಿ ಹಾಕಿಸಿದರು. ಮದುವೆ ಮಾತುಕತೆ ಪೂರ್ತಿ ಮುಗಿಸಿ, ಕೊನೆಗೆ ಹುಡುಗ ಹುಡುಗೀನ ಕರೆದಂಗೆ.

ಆ ಕಾಗದಗಳಲ್ಲಿ ನೆನಪಿಡಬೇಕಾದ್ದು ಒಂದು: ಖಾತರಿ ಒಪ್ಪಂದ. ನಮ್ಮ ಕಡೆ ಸಾಲಕ್ಕೆ ಜಾಮೀನು ನಿಲ್ಲೋದು ಗೊತ್ತಲ್ಲ? ಹಾಗೆ ಈ ಹೊಸ ದೇಶದ ಸಂವಿಧಾನಕ್ಕೆ ಬ್ರಿಟನ್, ಗ್ರೀಸ್, ಟರ್ಕಿ ಮೂವರೂ ಜಾಮೀನು ನಿಂತರು. ಸಂವಿಧಾನಕ್ಕೆ ಧಕ್ಕೆ ಬಂದರೆ ಮೂವರೂ ಕೂತು ಮಾತಾಡಬೇಕು. ಒಟ್ಟಾಗಿ ಏನೂ ಮಾಡಲು ಆಗದಿದ್ದರೆ ಪ್ರತಿಯೊಬ್ಬರಿಗೂ ಒಂಟಿಯಾಗಿ ಕ್ರಮ ಕೈಗೊಳ್ಳೋ ಹಕ್ಕಿದೆ, ಆದರೆ ಹಳೆಯ ವ್ಯವಸ್ಥೆಯನ್ನ ಮರುಸ್ಥಾಪಿಸೋ ಏಕೈಕ ಉದ್ದೇಶಕ್ಕೆ ಮಾತ್ರ. ಈ 'ಮಾತ್ರ' ಅನ್ನೋ ಪದದ ಮೇಲೆ ವಕೀಲರು ಇವತ್ತಿಗೂ ಜಗಳ ಆಡ್ತಿದ್ದಾರೆ. ಇದರ ಜೊತೆಗೆ ಗ್ರೀಸ್‌ನ 950, ಟರ್ಕಿಯ 650 ಸೈನಿಕರು ದ್ವೀಪದಲ್ಲೇ ಇರಬಹುದು ಅಂತ ಇನ್ನೊಂದು ಒಪ್ಪಂದ. ಬ್ರಿಟನ್ ಅಂತೂ ಅಕ್ರೊಟಿರಿ ಮತ್ತು ಡೆಕೇಲಿಯಾ ಅನ್ನೋ ಎರಡು ಸೇನಾ ನೆಲೆಗಳನ್ನ ತನಗೇ ಇಟ್ಟುಕೊಂಡಿತು. 99 ಚದರ ಮೈಲಿ. ಗುತ್ತಿಗೆ ಅಲ್ಲ ಸ್ವಾಮಿ, ಬ್ರಿಟನ್ನಿನದೇ ಸಾರ್ವಭೌಮ ನೆಲ. ಇವತ್ತಿಗೂ.

ಸಂವಿಧಾನ ಮೂರು ವರ್ಷ ಬಾಳಿತು. ಅಧ್ಯಕ್ಷ ಗ್ರೀಕ್, ಉಪಾಧ್ಯಕ್ಷ ಟರ್ಕಿಶ್, ಇಬ್ಬರಿಗೂ ವೀಟೊ, ಸರ್ಕಾರಿ ನೌಕರಿಯಲ್ಲಿ 70:30 ಪಾಲು. ಬಹುಸಂಖ್ಯಾತರಿಗೆ ಇದು ಅನ್ಯಾಯ ಅನ್ನಿಸಿತು, ಅಲ್ಪಸಂಖ್ಯಾತರಿಗೆ ಇದೇ ಉಸಿರು. 1963ರ ನವೆಂಬರ್‌ನಲ್ಲಿ ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೋಸ್ 13 ತಿದ್ದುಪಡಿ ಸೂಚಿಸಿದರು, ಡಿಸೆಂಬರ್‌ನಲ್ಲಿ ರಕ್ತ ಹರಿಯಿತು. ಹೆಚ್ಚು ಪೆಟ್ಟು ಬಿದ್ದಿದ್ದು ಟರ್ಕಿಶ್ ಸೈಪ್ರಿಯಟ್ಟರಿಗೆ. ಸಾವಿರಾರು ಜನ ಹಳ್ಳಿ ಬಿಟ್ಟು ಸಣ್ಣ ಸಣ್ಣ ಕೇರಿಗಳಲ್ಲಿ ಒತ್ತೊತ್ತಾಗಿ ಸೇರಿಕೊಂಡರು. ಗ್ರೀಕ್ ಕಡೆಯವರು ಕಥೆಯನ್ನ 1974ರಿಂದ ಶುರು ಮಾಡ್ತಾರೆ, ಟರ್ಕಿಶ್ ಕಡೆಯವರು 1963ರಿಂದ. ಯಾರಾದರೂ ನಿಮಗೆ ಸೈಪ್ರಸ್ ಕಥೆ ಹೇಳಿದರೆ, ಯಾವ ಇಸವಿಯಿಂದ ಶುರು ಮಾಡಿದರು ಅಂತ ನೋಡಿ, ಅವರು ಯಾರ ಕಡೆ ಅಂತ ಗೊತ್ತಾಗುತ್ತೆ.

ಆ ಡಿಸೆಂಬರ್ ಕೊನೆಗೆ ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ರಾಜಧಾನಿ ನಿಕೋಸಿಯಾದ ನಕ್ಷೆ ಮೇಲೆ ಒಂದು ಗೆರೆ ಎಳೆದರು. ಕೈಯಲ್ಲಿದ್ದ ಪೆನ್ಸಿಲ್ ಹಸಿರು ಬಣ್ಣದ್ದು. ಅದಕ್ಕೇ ಅದು ಗ್ರೀನ್ ಲೈನ್. 1964ರ ಮಾರ್ಚ್‌ನಲ್ಲಿ ಭದ್ರತಾ ಮಂಡಳಿಯ 186ನೇ ನಿರ್ಣಯ ಆಯಿತು, ವಿಶ್ವಸಂಸ್ಥೆಯ ಪಡೆ ಬಂತು. ಅದರ ಮೊದಲ ಕಮಾಂಡರ್ ಭಾರತದ ಜನರಲ್ ಗ್ಯಾನಿ. ಅವರ ನಂತರ ನಮ್ಮ ತಿಮ್ಮಯ್ಯ. ಅವರು ತೀರಿಕೊಂಡ ಮರುವರ್ಷ ಸೈಪ್ರಸ್ ಅವರ ಹೆಸರಲ್ಲಿ ಅಂಚೆ ಚೀಟಿ ತಂದಿತು. ಒಂದು ವಿದೇಶ ನಮ್ಮ ಕೊಡಗಿನ ಸೇನಾನಿಗೆ ಅಂಚೆ ಚೀಟಿ ತಂದಿದ್ದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತೋ.

ಸರಿ, ಈಗ ದೊಡ್ಡವರ ವಿಷಯಕ್ಕೆ ಬರೋಣ. ಅಮೆರಿಕಕ್ಕೆ ಸೈಪ್ರಸ್ ಯಾಕೆ ಬೇಕು? ಶೀತಲ ಸಮರದ ಲೆಕ್ಕ. ಗ್ರೀಸ್, ಟರ್ಕಿ ಎರಡೂ ನೇಟೊ ಸದಸ್ಯ ದೇಶಗಳು. ಇಬ್ಬರೂ ಹೊಡೆದಾಡಿದರೆ ಸೋವಿಯತ್ ಒಕ್ಕೂಟಕ್ಕೆ ಹಬ್ಬ. ಮಕಾರಿಯೋಸ್ ಬೇರೆ ಅಲಿಪ್ತ ಚಳವಳಿಯವರು, ನೆಹರೂ, ನಾಸರ್, ಟಿಟೊ ಜೊತೆ 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಕೂತವರು. ವಾಷಿಂಗ್ಟನ್‌ಗೆ ಅವರ ಮೇಲೆ ನಂಬಿಕೆ ಇರಲಿಲ್ಲ.

1964ರ ಜೂನ್‌ನಲ್ಲಿ ಟರ್ಕಿ ದ್ವೀಪಕ್ಕೆ ಸೈನ್ಯ ಇಳಿಸೋಕೆ ಸಿದ್ಧವಾಗಿತ್ತು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಟರ್ಕಿಯ ಪ್ರಧಾನಿ ಇನೋನುಗೆ ಒಂದು ಪತ್ರ ಬರೆದರು. ಸಾರಾಂಶ: ನಾವು ಕೊಟ್ಟ ಶಸ್ತ್ರಗಳನ್ನ ಇದಕ್ಕೆ ಬಳಸಬೇಡಿ, ನೀವು ನುಗ್ಗಿದ ಕಾರಣಕ್ಕೆ ಸೋವಿಯತ್ ನಿಮ್ಮ ಮೇಲೆ ಬಂದರೆ ನೇಟೊ ನಿಮ್ಮ ರಕ್ಷಣೆಗೆ ಬರುತ್ತೆ ಅಂತ ನಂಬ್ಕೋಬೇಡಿ. ಟರ್ಕಿ ನಿಂತಿತು. ಅಂದ್ರೆ ಹೊರಗಿನ ಶಕ್ತಿ ಮನಸ್ಸು ಮಾಡಿದರೆ ಒಂದೇ ಕಾಗದದಲ್ಲಿ ಯುದ್ಧ ನಿಲ್ಲಿಸಬಹುದು. ಇದನ್ನ ನೆನಪಿಟ್ಟುಕೊಳ್ಳಿ, ಹತ್ತು ವರ್ಷದ ನಂತರ ಬೇಕಾಗುತ್ತೆ. ಅದೇ ವರ್ಷ ಅಮೆರಿಕದ ಡೀನ್ ಅಚೆಸನ್ ಒಂದು ಯೋಜನೆ ತಂದರು: ದ್ವೀಪ ಗ್ರೀಸ್‌ಗೆ, ಅದರೊಳಗೆ ಟರ್ಕಿಗೆ ಒಂದು ಸೇನಾ ನೆಲೆ. ಸೈಪ್ರಸ್ ಅನ್ನೋ ದೇಶ ಮಾತ್ರ ಇರಲ್ಲ! ಮಕಾರಿಯೋಸ್ ಒಪ್ಪಲಿಲ್ಲ.

1974. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ.

ಗ್ರೀಸ್‌ನಲ್ಲಿ ಆಗ ಸೇನಾ ಸರ್ವಾಧಿಕಾರ. ಜುಲೈ 15ರಂದು ಅಥೆನ್ಸ್‌ನ ಆ ಸೇನಾಧಿಕಾರಿಗಳ ಕುಮ್ಮಕ್ಕಿನಿಂದ ಸೈಪ್ರಸ್‌ನಲ್ಲಿ ಕ್ಷಿಪ್ರಕ್ರಾಂತಿ. ಅಧ್ಯಕ್ಷರ ಭವನದ ಮೇಲೆ ಟ್ಯಾಂಕ್ ದಾಳಿ. ಮಕಾರಿಯೋಸ್ ಹೇಗೋ ಪಾರಾಗಿ ಬ್ರಿಟಿಷರ ನೆರವಿನಿಂದ ಲಂಡನ್ ಸೇರಿದರು. ಅವರ ಕುರ್ಚಿಯಲ್ಲಿ ಕೂತಿದ್ದು ನಿಕೋಸ್ ಸ್ಯಾಂಪ್ಸನ್. ಟರ್ಕಿಶ್ ಸೈಪ್ರಿಯಟ್ಟರಿಗೆ ಆ ಹೆಸರು ಕೇಳಿದರೇ ನಡುಕ. 1963ರ ಗಲಭೆಯಲ್ಲಿ ಬಂದೂಕು ಹಿಡಿದವನು. ಅಂದ್ರೆ ಜಾಮೀನು ನಿಂತ ಮೂವರಲ್ಲಿ ಒಬ್ಬನೇ ಬೀಗ ಒಡೆದ.

ಟರ್ಕಿಯ ಪ್ರಧಾನಿ ಬುಲೆಂತ್ ಎಜೆವಿತ್ ಲಂಡನ್‌ಗೆ ಹಾರಿದರು. ಒಪ್ಪಂದದಂತೆ ಒಟ್ಟಾಗಿ ಏನಾದರೂ ಮಾಡೋಣ ಅಂದರು. ದ್ವೀಪದಲ್ಲೇ ಎರಡು ನೆಲೆ, ಸಾವಿರಾರು ಸೈನಿಕರು ಇದ್ದ ಬ್ರಿಟನ್ ಒಲ್ಲೆ ಅಂದಿತು. ಜುಲೈ 20ರ ಬೆಳಗ್ಗೆ ಟರ್ಕಿಯ ಸೈನ್ಯ ಉತ್ತರದ ಕಡಲತೀರದಲ್ಲಿ ಇಳಿಯಿತು. ಟರ್ಕಿ ಇದನ್ನ 'ಶಾಂತಿ ಕಾರ್ಯಾಚರಣೆ' ಅಂತ ಕರೆಯುತ್ತೆ, ಗ್ರೀಕರು 'ಆಕ್ರಮಣ' ಅಂತಾರೆ.

ಮೂರೇ ದಿನದಲ್ಲಿ ಸ್ಯಾಂಪ್ಸನ್ ಬಿದ್ದ. ಅಥೆನ್ಸ್‌ನ ಸರ್ವಾಧಿಕಾರವೂ ಬಿತ್ತು. ಒಪ್ಪಂದದ ಮಾತಿನಂತೆ ನೋಡಿದರೆ ಕೆಲಸ ಮುಗಿದಿತ್ತು. ಆಗ ಟರ್ಕಿಯ ಹಿಡಿತದಲ್ಲಿದ್ದದ್ದು ಕರಾವಳಿಯಿಂದ ನಿಕೋಸಿಯಾವರೆಗಿನ ಒಂದು ಸಣ್ಣ ತುಂಡು ಅಷ್ಟೇ. ಆದರೆ ಜಿನೀವಾ ಮಾತುಕತೆ ಮುರಿದುಬಿದ್ದ ಕೂಡಲೇ, ಆಗಸ್ಟ್ 14ರಂದು ಎರಡನೇ ಕಾರ್ಯಾಚರಣೆ. ಮೂರು ದಿನದಲ್ಲಿ ದ್ವೀಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಟರ್ಕಿಯ ಕೈಗೆ. ನನ್ನ ಪ್ರಕಾರ ಮೊದಲ ಕಾರ್ಯಾಚರಣೆಗೆ ಟರ್ಕಿ ಒಂದು ಕಾನೂನಿನ ವಾದ ಮಂಡಿಸಬಹುದು. ಎರಡನೆಯದಕ್ಕೆ ಅದು ತುಂಬಾ ಕಷ್ಟ.

ಹಾಗಾದರೆ 1964ರಲ್ಲಿ ಪತ್ರ ಬರೆದ ಅಮೆರಿಕ 1974ರಲ್ಲಿ ಎಲ್ಲಿತ್ತು? ವಾಟರ್‌ಗೇಟ್‌ನಲ್ಲಿ ಮುಳುಗಿತ್ತು. ಎರಡು ಕಾರ್ಯಾಚರಣೆಗಳ ನಡುವೆ, ಆಗಸ್ಟ್ 9ರಂದು, ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಟ್ಟು ಹೋದರು. ವಿದೇಶಾಂಗ ಹೊಣೆ ಹೊತ್ತಿದ್ದ ಹೆನ್ರಿ ಕಿಸಿಂಜರ್ ಟರ್ಕಿಯನ್ನ ತಡೆಯೋಕೆ ಜಾನ್ಸನ್‌ನಂಥ ಪತ್ರ ಬರೆಯಲಿಲ್ಲ. ಅವರೇ ಬೇಕಂತ ಬಿಟ್ಟರು ಅಂತ ಗ್ರೀಕರಲ್ಲಿ ಬಹಳ ಜನ ನಂಬ್ತಾರೆ. ಪಿತೂರಿ ಅನ್ನೋದಕ್ಕಿಂತ ಲೆಕ್ಕಾಚಾರ ಮತ್ತು ಉದಾಸೀನ ಅಂತ ನನಗನ್ನಿಸುತ್ತೆ. ಮನೆ ಕಳ್ಕೊಂಡವರಿಗೆ ಎರಡಕ್ಕೂ ಏನು ವ್ಯತ್ಯಾಸ?

ಸುಮಾರು 1,60,000 ಗ್ರೀಕ್ ಸೈಪ್ರಿಯಟ್ಟರು ದಕ್ಷಿಣಕ್ಕೆ ಓಡಿದರು. ಸುಮಾರು 45,000 ಟರ್ಕಿಶ್ ಸೈಪ್ರಿಯಟ್ಟರು ಉತ್ತರಕ್ಕೆ ಬಂದರು. ಕಾಣೆಯಾದವರ ಅಧಿಕೃತ ಪಟ್ಟಿಯಲ್ಲಿ 2,002 ಹೆಸರುಗಳಿವೆ: 1,510 ಗ್ರೀಕರು, 492 ಟರ್ಕರು. ಹಸಿರು ಗೆರೆ ಈಗ ಇಡೀ ದ್ವೀಪವನ್ನ 180 ಕಿಲೋಮೀಟರ್ ಉದ್ದಕ್ಕೆ ಸೀಳಿತು. ನಿಕೋಸಿಯಾದ ವಿಮಾನ ನಿಲ್ದಾಣ ಆ ನಡುವಿನ ವಲಯದಲ್ಲಿ ಹಾಳುಬಿದ್ದಿದೆ. 1974ರಲ್ಲಿ ಆ ನಿಲ್ದಾಣವನ್ನ ಎರಡೂ ಕಡೆಯವರಿಗೂ ಬಿಟ್ಟುಕೊಡದೆ ವಿಶ್ವಸಂಸ್ಥೆಯ ಸುಪರ್ದಿಗೆ ತಂದ ಕಮಾಂಡರ್ ಮತ್ತೊಬ್ಬ ಭಾರತೀಯ, ದಿವಾನ್ ಪ್ರೇಮ್ ಚಂದ್.

1983ರಲ್ಲಿ ಉತ್ತರದವರು ಪ್ರತ್ಯೇಕ ಗಣರಾಜ್ಯ ಘೋಷಿಸಿದರು. ಟರ್ಕಿ ಬಿಟ್ಟು ಬೇರಾರೂ ಮಾನ್ಯತೆ ಕೊಟ್ಟಿಲ್ಲ. ಅಲ್ಲಿ ಓಡೋದು ಟರ್ಕಿಯ ಲೀರಾ. ಟರ್ಕಿಯ ಸಾವಿರಾರು ಸೈನಿಕರು ಅಲ್ಲೇ ಇದ್ದಾರೆ. 2015ರಿಂದ ಕುಡಿಯೋ ನೀರು ಕೂಡ ಟರ್ಕಿಯಿಂದ, ಸಮುದ್ರದೊಳಗೆ 80 ಕಿಲೋಮೀಟರ್ ಪೈಪಿನಲ್ಲಿ ಬರುತ್ತೆ. ಹಣ, ಸೈನ್ಯ, ನೀರು ಮೂರೂ ಒಂದೇ ಕಡೆಯಿಂದ ಬಂದರೆ ಅಲ್ಲಿನ ನಾಯಕ ಮಾತುಕತೆಗೆ ಕೂತಾಗ ಎಷ್ಟು ಸ್ವತಂತ್ರ? ಇದು ಟರ್ಕಿಶ್ ಸೈಪ್ರಿಯಟ್ಟರೇ ಕೇಳಿಕೊಳ್ಳೋ ಪ್ರಶ್ನೆ.

ಈಗ 2004. ಒಂದಾಗೋದಕ್ಕೆ ಅತ್ಯಂತ ಹತ್ತಿರ ಬಂದ ವರ್ಷ. ನನಗೆ ಅತಿ ಹೆಚ್ಚು ಸಂಕಟ ಆಗೋದು ಈ ಭಾಗ ಓದುವಾಗ.

ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಒಂದು ಯೋಜನೆ ಮಾಡಿದರು. ಎರಡು ರಾಜ್ಯಗಳ ಒಂದು ಒಕ್ಕೂಟ, ಒಂದು ದೇಶ, ಒಂದು ಪೌರತ್ವ. ಟರ್ಕಿಯ ಸೈನ್ಯ ಹಂತ ಹಂತವಾಗಿ ಇಳಿದು ಕೊನೆಗೆ 1960ರ ಅದೇ 650ಕ್ಕೆ. ಬ್ರಿಟನ್ ತನ್ನ ನೆಲೆಗಳ ಅರ್ಧದಷ್ಟು ನೆಲ ಬಿಟ್ಟುಕೊಡೋಕೂ ತಯಾರಿತ್ತು, ಯೋಜನೆ ಗೆದ್ದರೆ ಮಾತ್ರ. ಟರ್ಕಿಯಲ್ಲಿ ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಎರ್ಡೊಗನ್ ಪಕ್ಷಕ್ಕೆ ಯುರೋಪಿಯನ್ ಒಕ್ಕೂಟ ಸೇರೋ ಆಸೆ, ಹಾಗಾಗಿ ಅವರ ಬೆಂಬಲವೂ ಇತ್ತು. ಉತ್ತರದ ಬೀದಿಗಳಲ್ಲಿ ಹತ್ತಾರು ಸಾವಿರ ಜನ ಒಂದಾಗೋಣ ಅಂತ ಮೆರವಣಿಗೆ ಮಾಡಿದ್ದರು.

ಎಡವಿದ್ದು ಎಲ್ಲಿ? ಒಂದು ಕಾರಣ ಬ್ರಸೆಲ್ಸ್‌ನಲ್ಲಿದೆ. 1999ರ ಹೆಲ್ಸಿಂಕಿ ಶೃಂಗಸಭೆಯಲ್ಲೇ ಯುರೋಪಿಯನ್ ಒಕ್ಕೂಟ ಒಂದು ಮಾತು ಕೊಟ್ಟುಬಿಟ್ಟಿತ್ತು: ಸಮಸ್ಯೆ ಬಗೆಹರಿದರೂ ಬಗೆಹರಿಯದಿದ್ದರೂ ಸೈಪ್ರಸ್ ಸದಸ್ಯ ಆಗಬಹುದು. ಇದರ ಹಿಂದೆ ಗ್ರೀಸ್‌ನ ಒತ್ತಡ ಇತ್ತು. ಸೈಪ್ರಸ್ ಸೇರಿಸದಿದ್ದರೆ ಪೂರ್ವ ಯುರೋಪಿನ ಯಾವ ದೇಶಕ್ಕೂ ಒಪ್ಪಲ್ಲ ಅನ್ನೋ ಬೆದರಿಕೆ. ಪರಿಣಾಮ ಏನಾಯ್ತು? ದಕ್ಷಿಣದವರಿಗೆ 'ಹೌದು' ಅಂದ್ರೂ ಸದಸ್ಯತ್ವ, 'ಇಲ್ಲ' ಅಂದ್ರೂ ಸದಸ್ಯತ್ವ. ಪರೀಕ್ಷೆಗೆ ಮೊದಲೇ ಪಾಸ್ ಅಂತ ಬರೆದುಕೊಟ್ಟ ಹಾಗೆ. ಯಾರು ಓದ್ತಾರೆ ಹೇಳಿ?

ಇನ್ನೊಂದು ಕಾರಣ ನ್ಯೂಯಾರ್ಕ್‌ನಲ್ಲಿ. ಮತದಾನಕ್ಕೆ ಮೂರು ದಿನ ಮೊದಲು, ಏಪ್ರಿಲ್ 21ರಂದು, ಯೋಜನೆಯ ಭದ್ರತಾ ವ್ಯವಸ್ಥೆಗೆ ಬಲ ಕೊಡೋ ನಿರ್ಣಯವನ್ನ ಅಮೆರಿಕ ಮತ್ತು ಬ್ರಿಟನ್ ಭದ್ರತಾ ಮಂಡಳಿಗೆ ತಂದವು. ರಷ್ಯಾ ವೀಟೊ ಮಾಡಿತು. ಮತದಾನಕ್ಕೆ ಮುಂಚೆ ಜನರ ಮೇಲೆ ಒತ್ತಡ ಹಾಕಬಾರದು ಅನ್ನೋದು ರಷ್ಯಾ ಕೊಟ್ಟ ಕಾರಣ. ಆದರೆ 'ಸೈನ್ಯ ನಿಜವಾಗ್ಲೂ ಹೋಗುತ್ತಾ?' ಅಂತ ಹೆದರಿದ್ದ ಗ್ರೀಕ್ ಸೈಪ್ರಿಯಟ್ಟರಿಗೆ ಸಿಗಬಹುದಾಗಿದ್ದ ಒಂದು ಭರವಸೆ ಅಲ್ಲಿಗೆ ಹೋಯಿತು.

ಹಾಗಂತ ಎಲ್ಲಾ ಹೊರಗಿನವರ ತಲೆಗೆ ಕಟ್ಟೋದು ಬೇಡ. ದಕ್ಷಿಣದ ಅಧ್ಯಕ್ಷ ಪಾಪಾಡೊಪುಲೋಸ್ ಟಿವಿಯಲ್ಲಿ ಕಣ್ಣೀರು ಹಾಕ್ತಾ ಯೋಜನೆ ತಿರಸ್ಕರಿಸಿ ಅಂತ ಕೇಳ್ಕೊಂಡರು. ಜನರಿಗೂ ನಿಜವಾದ ಆಕ್ಷೇಪಗಳಿದ್ದವು: ಆಸ್ತಿ ಎಷ್ಟು ವಾಪಸ್ ಸಿಗುತ್ತೆ, ಟರ್ಕಿಗೆ ಮಧ್ಯಪ್ರವೇಶದ ಹಕ್ಕು ಮತ್ತೆ ಯಾಕೆ. ಏಪ್ರಿಲ್ 24ರ ಫಲಿತಾಂಶ: ಉತ್ತರದಲ್ಲಿ ಶೇ. 65 ಹೌದು, ದಕ್ಷಿಣದಲ್ಲಿ ಶೇ. 76 ಇಲ್ಲ. ಒಂದು ವಾರಕ್ಕೆ, ಮೇ 1ರಂದು, 'ಇಲ್ಲ' ಅಂದವರು ಯುರೋಪಿಯನ್ ಒಕ್ಕೂಟದ ಒಳಗೆ, 'ಹೌದು' ಅಂದವರು ಹೊರಗೆ. ಕಾಗದದ ಮೇಲೆ ಇಡೀ ದ್ವೀಪವೇ ಒಕ್ಕೂಟದ ಭಾಗ, ಆದರೆ ಉತ್ತರದಲ್ಲಿ ಅದರ ಕಾನೂನು ಅಮಾನತಿನಲ್ಲಿದೆ. ಉತ್ತರದವರ ಒಂಟಿತನ ಕೊನೆಗಾಣಿಸ್ತೀವಿ ಅಂತ ಕೊಟ್ಟ ಮಾತಿನಲ್ಲಿ ನೇರ ವ್ಯಾಪಾರದ ನಿಯಮ ಇವತ್ತಿಗೂ ಜಾರಿಗೆ ಬಂದಿಲ್ಲ.

ಆಮೇಲೆ 2017, ಸ್ವಿಟ್ಜರ್ಲೆಂಡ್‌ನ ಕ್ರಾನ್ಸ್-ಮೊಂಟಾನಾ. ಈ ಸಲ ಇಬ್ಬರು ನಾಯಕರೂ, ಅನಸ್ತಾಸಿಯಾದಿಸ್ ಮತ್ತು ಮುಸ್ತಫಾ ಅಕಿಂಜಿ, ಒಂದಾಗಬೇಕು ಅಂತ ಬಹಿರಂಗವಾಗಿ ಹೇಳಿದವರು. ಅಧಿಕಾರ ಹಂಚಿಕೆ, ಭೂಮಿ ವಿಷಯದಲ್ಲಿ ಸಾಕಷ್ಟು ದಾರಿ ಸವೆದಿತ್ತು. ಆದರೆ ಜುಲೈ 7ರ ನಸುಕಿನಲ್ಲಿ ಗುಟೆರೆಸ್ ಹೊರಗೆ ಬಂದು ಮಾತುಕತೆ ವಿಫಲ ಅಂದರು. ಸಿಕ್ಕಿಹಾಕಿಕೊಂಡಿದ್ದು ಮುಖ್ಯವಾಗಿ ಅದೇ ಹಳೇ ಜಾಮೀನು ಮತ್ತು ಸೈನ್ಯದಲ್ಲಿ. ಒಬ್ಬರಿಗೆ ಒಬ್ಬ ಟರ್ಕಿಶ್ ಸೈನಿಕನೂ ಇರಬಾರದು, ಇನ್ನೊಬ್ಬರಿಗೆ ಒಬ್ಬನೂ ಇಲ್ಲದಿದ್ದರೆ 1963 ನೆನಪಾಗುತ್ತೆ. ಯಾರು ಮುರಿದರು ಅಂತ ಕೇಳಿದರೆ ಎರಡೂ ಕಡೆ ಬೇರೆ ಬೇರೆ ಉತ್ತರ ಸಿಗುತ್ತೆ.

ಮಧ್ಯೆ ಅನಿಲವೂ ಸಿಕ್ಕಿತ್ತು. 2011ರಲ್ಲಿ ದಕ್ಷಿಣದ ಸಮುದ್ರದಲ್ಲಿ ಅಫ್ರೊಡೈಟಿ ಅನ್ನೋ ನಿಕ್ಷೇಪ. ಹಣದ ಆಸೆಗಾದರೂ ಒಂದಾಗ್ತಾರೆ ಅಂತ ಬಹಳ ಜನ ಬರೆದರು. ಆಗಿದ್ದು ಉಲ್ಟಾ: 2019ಕ್ಕೆ ಟರ್ಕಿಯ ಕೊರೆಯುವ ಹಡಗುಗಳು, ಅದರ ಬೆನ್ನಿಗೆ ಯುದ್ಧನೌಕೆಗಳು ಬಂದವು.

2020ರ ಚುನಾವಣೆಯಲ್ಲಿ ಅಕಿಂಜಿ ಸ್ವಲ್ಪದರಲ್ಲಿ ಸೋತರು. ಅಂಕಾರಾ ಹಸ್ತಕ್ಷೇಪ ಮಾಡಿತು ಅಂತ ಅವರು ನೇರವಾಗಿಯೇ ಆರೋಪಿಸಿದರು. ಗೆದ್ದ ಎರ್ಸಿನ್ ತತಾರ್ ಒಕ್ಕೂಟ ಬೇಡ, ಎರಡು ದೇಶ ಬೇಕು ಅಂದರು. ಟರ್ಕಿಯೂ ಅದನ್ನೇ ಹೇಳ್ತಿದೆ.

ಒಬ್ಬ ಕೇಳುಗರು ಹೋದ ವಾರ ಸಂದೇಶ ಕಳಿಸಿದ್ರು: 'ಹಾಗಾದ್ರೆ ಅಲ್ಲಿನ ಜನರ ಕೈಲಿ ಏನೂ ಇಲ್ವಾ?' ಇದೆ. ಅದಕ್ಕೆ ನನ್ನ ಇಷ್ಟದ ಉದಾಹರಣೆ ಚರಂಡಿ. ನಗಬೇಡಿ. 1970ರ ದಶಕದ ಕೊನೆಯಲ್ಲಿ, ಯುದ್ಧದ ಗಾಯ ಹಸಿಯಾಗಿದ್ದಾಗಲೇ, ಒಡೆದ ನಿಕೋಸಿಯಾದ ಎರಡೂ ಕಡೆಯ ಮೇಯರ್‌ಗಳು ಒಂದು ವಿಷಯ ಒಪ್ಪಿಕೊಂಡರು: ಕೊಳಚೆ ನೀರಿಗೆ ಗಡಿ ಗೊತ್ತಿಲ್ಲ. ದಕ್ಷಿಣದ ಲೆಲ್ಲೋಸ್ ಡಿಮಿಟ್ರಿಯಾಡಿಸ್, ಉತ್ತರದ ಯುವ ಮೇಯರ್ ಮುಸ್ತಫಾ ಅಕಿಂಜಿ. ಹೌದು, ಆಮೇಲೆ ಕ್ರಾನ್ಸ್-ಮೊಂಟಾನಾಕ್ಕೆ ಹೋದ ಅದೇ ಅಕಿಂಜಿ. ಹಸಿರು ಗೆರೆಯ ಕೆಳಗೆ ಒಂದೇ ಒಳಚರಂಡಿ ವ್ಯವಸ್ಥೆ ಮಾಡಿದರು. ಮೇಲೆ ಮುಳ್ಳುತಂತಿ, ಕೆಳಗೆ ಒಂದೇ ಪೈಪು. ಅದಕ್ಕೆ ಅಂಕಾರಾ, ಅಥೆನ್ಸ್, ಲಂಡನ್ ಯಾರದ್ದೂ ಸಹಿ ಬೇಕಿರಲಿಲ್ಲ. 2003ರ ಏಪ್ರಿಲ್‌ನಲ್ಲಿ ದಾಟೋಕೆ ಮೊದಲ ಬಾರಿ ಗೇಟು ತೆರೆದಾಗ ಸಾವಿರಾರು ಜನ ಸಾಲು ನಿಂತು ತಮ್ಮ ಹಳೇ ಮನೆ ನೋಡೋಕೆ ಹೋದರು. ಇವತ್ತು ದಿನಾ ಕೆಲಸಕ್ಕೆ, ಪೇಟೆಗೆ ಅಂತ ಎರಡೂ ಕಡೆ ಓಡಾಟ ಇದೆ. ಇದು ಏಕೀಕರಣ ಅಲ್ಲ ಅಂತ ನನಗೂ ಗೊತ್ತು. ಪೈಪು ಹಾಕಬಹುದು, ಸೈನ್ಯ ತೆಗೆಸೋಕೆ ಮೇಯರ್‌ಗಳಿಂದ ಆಗಲ್ಲ.

ಹೊರಗಿನವರ ಪಟ್ಟಿ ಮುಗಿಸೋ ಮುಂಚೆ ನಮ್ಮನ್ನೂ ಸೇರಿಸಿಕೊಳ್ಳೋಣ. 2025ರ ಜೂನ್‌ನಲ್ಲಿ ಪ್ರಧಾನಿ ಮೋದಿ ಸೈಪ್ರಸ್‌ಗೆ ಹೋದರು, ಅಧ್ಯಕ್ಷ ಕ್ರಿಸ್ಟೊಡೂಲಿಡಿಸ್ ಜೊತೆ ನಿಕೋಸಿಯಾದಲ್ಲಿ ಹಸಿರು ಗೆರೆಯ ಸಮೀಪ ನಿಂತರು. ಪಾಕಿಸ್ತಾನದ ಬೆನ್ನಿಗೆ ನಿಂತ ಟರ್ಕಿಗೆ ಇದು ಸಂದೇಶ ಅಂತ ನಮ್ಮ ಚಾನೆಲ್‌ಗಳು ಕುಣಿದವು. ಭಾರತದ ಅಧಿಕೃತ ನಿಲುವು ವಿಶ್ವಸಂಸ್ಥೆಯ ನಿರ್ಣಯಗಳ ಪ್ರಕಾರ ಎರಡು ಸಮುದಾಯಗಳ ಒಕ್ಕೂಟ, ಅದರಲ್ಲಿ ತಪ್ಪೇನಿಲ್ಲ. ಆದರೆ ಇನ್ನೊಬ್ಬರ ಗಾಯವನ್ನ ನಮ್ಮ ಜಗಳಕ್ಕೆ ಬಳಸ್ಕೊಳ್ಳೋ ಧಾಟಿ ಇದೆಯಲ್ಲ, ಅದು 1964ರಿಂದ ಎಲ್ಲರೂ ಮಾಡ್ಕೊಂಡು ಬಂದಿದ್ದೇ. ತಿಮ್ಮಯ್ಯ ಅವರ ದೇಶದವರಾಗಿ ನಾವು ಸ್ವಲ್ಪ ಬೇರೆ ಥರ ಮಾತಾಡಬಹುದಿತ್ತು.

ಇತ್ತೀಚಿನ ಸುದ್ದಿ: 2025ರ ಅಕ್ಟೋಬರ್ 19ರಂದು ಉತ್ತರದ ಜನ ತತಾರ್ ಅವರನ್ನ ಸೋಲಿಸಿ, ಒಕ್ಕೂಟದ ಮಾತಾಡೋ ತುಫಾನ್ ಎರ್ಹುರ್ಮನ್ ಅವರನ್ನ ಶೇ. 60ಕ್ಕೂ ಹೆಚ್ಚು ಮತಗಳಿಂದ ಆರಿಸಿದ್ದಾರೆ. ಗೆದ್ದ ಕೂಡಲೇ ಅವರು ಹೇಳಿದ ಮಾತುಗಳಲ್ಲಿ ಒಂದು, ವಿದೇಶಾಂಗ ನೀತಿಯನ್ನ ಟರ್ಕಿಯ ಜೊತೆ ಸಮಾಲೋಚಿಸಿಯೇ ನಡೆಸ್ತೀನಿ ಅನ್ನೋದು.

ಕಾಣೆಯಾದ ಆ 2,002 ಜನರ ಬಗ್ಗೆ, ಎರಡೂ ಸಮುದಾಯದ ತಜ್ಞರು ಒಂದೇ ಪ್ರಯೋಗಾಲಯದಲ್ಲಿ ಕೂತು ಮೂಳೆಗಳನ್ನ ಗುರುತಿಸಿ ಮನೆಯವರಿಗೆ ಒಪ್ಪಿಸ್ತಿರೋ ಬಗ್ಗೆ ಮುಂದಿನ ವಾರ ಮಾತಾಡ್ತೀನಿ. ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಕಳಿಸಿ, ಒಂದು ನಿಮಿಷದ ಒಳಗೆ ಇರಲಿ. ನಮಸ್ಕಾರ.